ಸೈಕಲ್ ತೊಳೆಯುವ ಶಾಂಪೂ ಕಾರಿನ ಗಾಲಿಗೆ ನಡೆಯುತ್ತದೆಯೇ?

ಪ್ರಶ್ನೆ: ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನನ್ನ ಮನೆ. ವಾರದಲ್ಲಿ ಐದು ದಿನ ಅಣ್ಣಿಗೇರಿ ಮೇಲೆ ಕಾರಿನಲ್ಲಿ ಗದಗಿಗೆ ಹೋಗಿಬರುತ್ತೇನೆ. ರಜೆ ಇದ್ದಾಗ ಉಣಕಲ್ ಕೆರೆಯ ಕಡೆಗೆ ಸೈಕಲ್ ಹೊಡೆಯುತ್ತೇನೆ. ಸೈಕಲ್ಲಿಗೆಂದು ತಂದ ಶಾಂಪೂ ಸ್ಪ್ರೇ, ಚೈನ್ ಡಿಗ್ರೀಸರ್ (ಚೈನಿನ ಜಿಡ್ಡು ತೆಗೆಯುವ ದ್ರವ), ಡಿಸ್ಕ್ ಬ್ರೇಕ್ ಕ್ಲೀನರ್, ಹೊಳಪಿನ ಸಿಲಿಕೋನ್ ಸ್ಪ್ರೇ ಎಲ್ಲ ಮನೆಯಲ್ಲಿವೆ. ಕಾರಿನ ಮುಂದಿನ ಎರಡು ಅಲಾಯ್ ಗಾಲಿ ಯಾವಾಗಲೂ ಕಪ್ಪಾಗಿರುತ್ತವೆ, ಹಿಂದಿನವು ಅಷ್ಟಿಲ್ಲ. ಸೈಕಲ್ ಶಾಂಪೂ ಹಾಕಿ ತಿಕ್ಕಿದೆ. ರಾಡಿ ಹೋಯಿತು, ಕಪ್ಪು ಹೋಗಲಿಲ್ಲ. ಆಮೇಲೆ ಚೈನ್ ಡಿಗ್ರೀಸರ್ ಹೊಡೆದು ಹತ್ತು ನಿಮಿಷ ಬಿಟ್ಟು ತೊಳೆದೆ. ಈಗ ಸ್ಪೋಕಿನ ಅಂಚಿನಲ್ಲಿ ಬಿಳಿ ಮಬ್ಬು ಬಂದಿದೆ. ವಾಶಿಂಗ್ ಸೆಂಟರಿನವರು, "ಸೈಕಲ್ ಕೆಮಿಕಲ್ ಹಾಕಿದರ ಅಲಾಯ್ ಸುಟ್ಟು ಹೋಗತೈತಿರಿ, ಆಸಿಡ್ ಹಾಕಿ ಹೊಸದರಂಗ ಮಾಡಿ ಕೊಡತೀವಿ" ಅಂದರು. ಗೆಳೆಯ, "ಸಾಬೂನು ಎಲ್ಲಾ ಒಂದ" ಅನ್ನುತ್ತಾನೆ. ಯಾರ ಮಾತು ಖರೆ? ಇನ್ನೊಂದು ವಿಷಯ: ಮಳೆಗಾಲದಲ್ಲಿ 80ರ ವೇಗ ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಮನೆಯಲ್ಲಿರುವ ಸಾಮಾನು ಕಾರಿಗೂ ಬರುತ್ತದೋ ಇಲ್ಲವೋ ಎನ್ನುವುದು ನಿಮ್ಮ ಒಂದು ಚಿಂತೆ. ಈಗಾಗಲೇ ಬಳಸಿ ಗಾಲಿ ಕೆಡಿಸಿಕೊಂಡೆನೇನೋ ಎನ್ನುವುದು ಇನ್ನೊಂದು. ಮೊದಲು ನೇರವಾಗಿ ಹೇಳುತ್ತೇನೆ. ಶಾಂಪೂ ಧಾರಾಳವಾಗಿ ಬಳಸಿ. ಡಿಗ್ರೀಸರ್ ಬೇಡ. ಡಿಸ್ಕ್ ಕ್ಲೀನರ್ ಗಾಲಿಗಲ್ಲ. ಸಿಲಿಕೋನ್ ಸ್ಪ್ರೇಯನ್ನು ಕಾರಿನ ಗಾಲಿಯ ಹತ್ತಿರಕ್ಕೂ ಒಯ್ಯಬೇಡಿ. ವಾಶಿಂಗ್ ಸೆಂಟರಿನವರು ಹೇಳಿದ ಆಸಿಡ್ ಇವೆಲ್ಲಕ್ಕಿಂತ ಕೆಟ್ಟದ್ದು. ಬಿಳಿ ಮಬ್ಬು ಮನೆಯಲ್ಲೇ ಹೋಗುವ ಸಾಧ್ಯತೆ ಹೆಚ್ಚು, ಅದನ್ನು ಪರೀಕ್ಷಿಸುವ ಕ್ರಮ ಕೆಳಗಿದೆ. ಸ್ಟೇರಿಂಗ್ ನಡುಕಕ್ಕೆ ಬಹುಮಟ್ಟಿಗೆ ಅಣ್ಣಿಗೇರಿ ದಾರಿಯ ಕಪ್ಪು ಎರಿ ಮಣ್ಣೇ ಕಾರಣ.

ಸೈಕಲ್ ಸಾಮಾನು ಕಾರಿಗೆ ಹಾಕಿದ ತಕ್ಷಣ ಏನೂ ಸುಡುವುದಿಲ್ಲ. ಎಷ್ಟೋ ಸೈಕಲ್ಲುಗಳ ಫ್ರೇಮ್ ಕೂಡ ಅಲ್ಯೂಮಿನಿಯಮ್ಮೇ, ಅದರ ಮೇಲೂ ಬಣ್ಣ ಮತ್ತು ಕ್ಲಿಯರ್ ಕೋಟ್ (ಬಣ್ಣವನ್ನು ಕಾಯುವ ಪಾರದರ್ಶಕ ಪದರ) ಇರುತ್ತವೆ. ಅದಕ್ಕೆ ಹಾನಿ ಮಾಡದ ಶಾಂಪೂ ಕಾರಿನ ಗಾಲಿಯ ಬಣ್ಣಕ್ಕೂ ಹಾನಿ ಮಾಡದು. ಹಾಗೆಂದು ನಿಮ್ಮ ಗೆಳೆಯರ ಮಾತನ್ನೂ ಒಪ್ಪಲಾಗದು, ಏಕೆಂದರೆ ಎರಡೂ ಗಾಡಿಗಳ ಕೊಳೆ ಬೇರೆ ಬೇರೆ. ಸೈಕಲ್ಲಿನ ಕೊಳೆ ಎಂದರೆ ಚೈನಿನ ಎಣ್ಣೆಗೆ ಅಂಟಿದ ಧೂಳು ಮತ್ತು ರಾಡಿ. ಸೈಕಲ್ಲಿನ ಬ್ರೇಕ್ ಡಿಸ್ಕ್ ಸ್ಟೇನ್‌ಲೆಸ್ ಸ್ಟೀಲಿನದು, ಸವೆಯುವುದೂ ಕಡಿಮೆ, ಜಂಗು ಹಿಡಿಯುವುದೂ ಕಡಿಮೆ. ಹಾಗಾಗಿ ಸೈಕಲ್ ಶಾಂಪೂ ಮಾಡುವವರು ಕಬ್ಬಿಣದ ಪುಡಿಯ ಬಗ್ಗೆ ತಲೆ ಕೆಡಿಸಿಕೊಂಡಿರುವುದಿಲ್ಲ.

ಕಾರಿನ ಡಿಸ್ಕ್ ಎರಕದ ಕಬ್ಬಿಣದ್ದು. ಪ್ರತಿ ಸಲ ಬ್ರೇಕ್ ಒತ್ತಿದಾಗ ಪ್ಯಾಡಿನ ಜೊತೆಗೆ ಡಿಸ್ಕೂ ಒಂದಿಷ್ಟು ಸವೆದು, ಬಿಸಿ ಬಿಸಿ ಕಬ್ಬಿಣದ ಕಣಗಳು ಗಾಲಿಯ ಮೇಲೆ ಹಾರಿ ಕೂರುತ್ತವೆ. ಬಿಸಿಯಲ್ಲೇ ಕ್ಲಿಯರ್ ಕೋಟಿಗೆ ಕಚ್ಚಿಕೊಳ್ಳುತ್ತವೆ, ಮೇಲೆ ನೀರು ಬಿದ್ದಾಗ ಅಲ್ಲೇ ಜಂಗು ಹಿಡಿಯುತ್ತವೆ. ಗಾಲಿಯನ್ನು ಬಿಸಿಲಿಗೆ ಹಿಡಿದು ಹತ್ತಿರದಿಂದ ನೋಡಿ. ಕಪ್ಪು ಪದರದೊಳಗೆ ಸಾಸಿವೆಗಿಂತ ಸಣ್ಣ ಕಿತ್ತಳೆ ಚುಕ್ಕೆಗಳು ಕಾಣುತ್ತವೆ. ಬೆರಳಾಡಿಸಿದರೆ ತರಿ ತರಿ ಎನ್ನುತ್ತದೆ. ಇದನ್ನು ಯಾವ ಸಾಬೂನೂ ಕರಗಿಸದು, ಏಕೆಂದರೆ ಸಾಬೂನು ಹಿಡಿಯುವುದು ಜಿಡ್ಡನ್ನು, ಇದು ಲೋಹ. ನೀವು ತಿಕ್ಕಿದ್ದರಲ್ಲಿ ತಪ್ಪೇನಿರಲಿಲ್ಲ. ಈ ಕೊಳೆಗೆ ಬೇಕಾದ ರಸಾಯನವೇ ಆ ಬಾಟಲಿಯಲ್ಲಿ ಇರಲಿಲ್ಲ.

ಮುಂದಿನ ಗಾಲಿಗಳೇ ಕಪ್ಪಾಗುವುದು ಸಹಜ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಕೆಲಸ ಮುಂದಿನ ಬ್ರೇಕಿನದೇ ಆಗುತ್ತದೆ. ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದೆ ಡ್ರಮ್ ಬ್ರೇಕ್ ಇರುವುದರಿಂದ ಅದರ ಪುಡಿ ಡ್ರಮ್ಮಿನ ಒಳಗೇ ಉಳಿಯುತ್ತದೆ. ಆದರೆ ಮುಂದಿನ ಎರಡನ್ನು ಒಂದಕ್ಕೊಂದು ಹೋಲಿಸಿ ನೋಡಿ. ಒಂದು ಗಾಲಿ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಕಪ್ಪಾಗಿದ್ದರೆ, ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಅದೇ ಗಾಲಿ ಹೆಚ್ಚು ಬಿಸಿಯಾಗಿದ್ದರೆ, ಆ ಕಡೆಯ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಅದುಮುವ ಭಾಗ) ಬಿಗಿ ಹಿಡಿದು ಬ್ರೇಕ್ ಸದಾ ತಾಗುತ್ತಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಮೆಕ್ಯಾನಿಕ್ ಬೇಕು, ಶಾಂಪೂ ಅಲ್ಲ.

ಈಗ ನಿಮ್ಮ ಬಾಟಲಿಗಳ ವಿಚಾರ.

ಚೈನ್ ಡಿಗ್ರೀಸರಿನಲ್ಲಿ ಎರಡು ಬಗೆ. ನೀರು ಬೆರೆಯುವ ಬಗೆ ಹೆಚ್ಚಾಗಿ ಕ್ಷಾರ, ಕೆಲವು ಕಡು ಕ್ಷಾರ. ಇನ್ನೊಂದು ದ್ರಾವಕದ್ದು, ಪೆಟ್ರೋಲಿಯಮ್ಮಿನಿಂದಲೋ ಕಿತ್ತಳೆ ಸಿಪ್ಪೆಯ ಎಣ್ಣೆಯಿಂದಲೋ ಮಾಡಿದ್ದು. ಅಲ್ಯೂಮಿನಿಯಮ್ಮನ್ನು ಕಾಯುವುದು ಅದರ ಮೇಲಿನ ತೆಳ್ಳನೆಯ ಆಕ್ಸೈಡ್ ಪದರ. ಸುಮಾರು ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಎಂದರೆ ಎರಡೂ ಅಲ್ಲ) 4ರಿಂದ 9ರ ನಡುವೆ ಮಾತ್ರ ಅದು ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕಿಂತ ಆಮ್ಲವಾದರೂ ಕ್ಷಾರವಾದರೂ ಕರಗತೊಡಗುತ್ತದೆ. ಕ್ಲಿಯರ್ ಕೋಟ್ ಪೂರ್ತಿ ಇರುವ ತನಕ ಲೋಹಕ್ಕೆ ಭಯವಿಲ್ಲ. ಆದರೆ ಕಲ್ಲು ಸಿಡಿದ ಜಾಗ, ಫುಟ್‌ಪಾತಿಗೆ ಉಜ್ಜಿದ ಅಂಚು, ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚುವಾಗ ಗೀರಿದ ತುಟಿ, ಇಲ್ಲೆಲ್ಲ ಲೋಹ ಬಯಲಾಗಿರುತ್ತದೆ. ನಿಮ್ಮದು ಎರಡು ಬಣ್ಣದ ಡೈಮಂಡ್ ಕಟ್ ಗಾಲಿ, ಅಂದರೆ ಮುಖವನ್ನು ಯಂತ್ರದಲ್ಲಿ ಕೆತ್ತಿ ಹೊಳಪು ಮಾಡಿದ್ದು, ಆಗಿದ್ದರೆ ಇನ್ನೂ ಎಚ್ಚರ ಬೇಕು, ಹೊಳೆಯುವ ಮುಖದ ಮೇಲೆ ಕ್ಲಿಯರ್ ಕೋಟ್ ಬಿಟ್ಟರೆ ಬೇರೆ ಬಣ್ಣದ ಆಸರೆಯೇ ಇರುವುದಿಲ್ಲ.

ದ್ರಾವಕದ ಡಿಗ್ರೀಸರ್ ಲೋಹಕ್ಕೇನೂ ಮಾಡದು, ರಬ್ಬರಿಗೆ ಮಾಡುತ್ತದೆ. ಕಾರಿನ ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು. ಅದಕ್ಕೆ ಹೊಂದುವ ಇಪಿಡಿಎಂ ರಬ್ಬರನ್ನೇ ಬ್ರೇಕಿನ ಸೀಲಿಗೂ ಪಿಸ್ಟನ್ನಿನ ಧೂಳುಗವಸಿಗೂ ಬಳಸುತ್ತಾರೆ. ಈ ರಬ್ಬರಿಗೆ ಪೆಟ್ರೋಲಿಯಮ್ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಸೀಮೆಎಣ್ಣೆ, ಡೀಸೆಲ್ ಹಾಕಿ ಗಾಲಿ ಒರೆಸುವ ಹಳೆಯ ರೂಢಿ ತಪ್ಪು ಎನ್ನುವುದು ಇದೇ ಕಾರಣಕ್ಕೆ. ಇನ್ನೊಂದು ನಷ್ಟ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲಾಯ್ ಗಾಲಿಯ ಒಳಮೈಗೆ, ಗಾಲಿ ನಡುಗದೆ ಸಮವಾಗಿ ತಿರುಗಲೆಂದು, ಬ್ಯಾಲೆನ್ಸಿಂಗ್ ತೂಕದ ತುಂಡುಗಳನ್ನು ಅಂಟುಪಟ್ಟಿಯಿಂದ ಹಚ್ಚಿರುತ್ತಾರೆ. ದ್ರಾವಕ ಆ ಅಂಟನ್ನು ಸಡಿಲಿಸುತ್ತದೆ. ನಾಲ್ಕು ದಿನ ಬಿಟ್ಟು ತುಂಡು ಎಲ್ಲೋ ರಸ್ತೆಯಲ್ಲಿ ಬೀಳುತ್ತದೆ, ಗಾಡಿ ನಡುಗಲು ಶುರುವಾಗುತ್ತದೆ.

ಅಷ್ಟಕ್ಕೂ ಕಾರಿನ ಗಾಲಿಗೆ ಡಿಗ್ರೀಸರ್ ಬೇಕಾಗುವ ಪ್ರಸಂಗವೇ ಬರಬಾರದು, ಅಲ್ಲಿ ಎಣ್ಣೆಯ ಕೆಲಸವಿಲ್ಲ. ಗಾಲಿಯ ಒಳಗಡೆ ಗ್ರೀಸ್ ಸಿಡಿದಿದ್ದರೆ ಆಕ್ಸೆಲ್ಲಿನ ರಬ್ಬರ್ ಬೂಟ್ ಹರಿದಿದೆ. ಒದ್ದೆ ಜಿಡ್ಡು ಟೈರಿನ ಒಳಮೈಗೆ ಇಳಿದಿದ್ದರೆ ಬ್ರೇಕ್ ಆಯಿಲ್ ಸೋರುತ್ತಿರಬಹುದು. ಒರೆಸಿ ಮರೆಯಬೇಡಿ, ಅದೇ ದಿನ ತೋರಿಸಿ. ಹೊಸ ರಸ್ತೆಯ ಡಾಂಬರ್ ಹತ್ತಿದ್ದರೆ ಮಾತ್ರ ದ್ರಾವಕ ಬೇಕು. ಅದನ್ನೂ ಗಾಲಿಗೆ ಹೊಡೆಯದೆ ಅರಿವೆಗೆ ಹಚ್ಚಿಕೊಂಡು, ಆ ಚುಕ್ಕೆಯಷ್ಟೇ ಒರೆಸಿ, ಕೂಡಲೇ ಶಾಂಪೂ ನೀರಿನಿಂದ ತೊಳೆಯಬೇಕು.

ಡಿಸ್ಕ್ ಬ್ರೇಕ್ ಕ್ಲೀನರಿನಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್, ಅಸಿಟೋನ್‌ನಂಥ ಬೇಗ ಆರುವ ದ್ರಾವಕಗಳಿರುತ್ತವೆ. ಬರಿ ಲೋಹದ ಡಿಸ್ಕಿಗೆ ಒಳ್ಳೆಯದು. ಅಸಿಟೋನ್ ಇದ್ದರೆ ಗಾಲಿಯ ನಡುವಿನ ಪ್ಲಾಸ್ಟಿಕ್ ಮುಚ್ಚಳವನ್ನೂ ಸ್ಟೀಲ್ ಗಾಲಿಯ ವೀಲ್ ಕವರನ್ನೂ ಕರಗಿಸಿ ಅಂಟಂಟು ಮಾಡುತ್ತದೆ. ಬೆಂಕಿ ಹತ್ತುವ ವಸ್ತುವೂ ಹೌದು, ಬಿಸಿ ಬ್ರೇಕಿನ ಹತ್ತಿರ ತರಬೇಡಿ.

ಸಿಲಿಕೋನ್ ಸ್ಪ್ರೇ ಬಗ್ಗೆ ನಾನು ಕಟುವಾಗಿಯೇ ಹೇಳುತ್ತೇನೆ. ಸ್ಪೋಕಿನ ಸಂದಿಯಿಂದ ಒಳಗೆ ತೂರಿದ ಹನಿ ನೇರ ಡಿಸ್ಕಿನ ಮೇಲೆ ಕೂರುತ್ತದೆ. ಮುಂದಿನ ಸಲ ಪೆಡಲ್ ಒತ್ತಿದಾಗ ಪ್ಯಾಡ್ ಜಾರುತ್ತದೆ. ಪ್ಯಾಡ್ ಒಮ್ಮೆ ಹೀರಿಕೊಂಡರೆ ತೊಳೆದು ಸರಿಮಾಡಲು ಬರುವುದಿಲ್ಲ, ಬದಲಿಸಲೇಬೇಕು. ಟೈರಿನ ನೆಲ ಕಚ್ಚುವ ಭಾಗಕ್ಕೆ ತಾಗಿದರೂ ಮೊದಲ ತಿರುವಿನಲ್ಲೇ ಅಪಾಯ. ಈಗಾಗಲೇ ಒಮ್ಮೆ ಹೊಡೆದಿದ್ದರೆ ಡಿಸ್ಕನ್ನು ಬ್ರೇಕ್ ಕ್ಲೀನರ್ ಹಚ್ಚಿದ ಅರಿವೆಯಿಂದ ಒರೆಸಿ. ಖಾಲಿ ರಸ್ತೆಯಲ್ಲಿ 20ರ ವೇಗದಲ್ಲಿ ನಾಲ್ಕೈದು ಸಲ ಬ್ರೇಕ್ ಹಾಕಿ ನೋಡಿ. ಹಿಡಿತ ಕಡಿಮೆ ಅನಿಸಿದರೆ ಹೆದ್ದಾರಿಗೆ ಹೋಗಬೇಡಿ.

ಸೈಕಲ್ ಕಿಟ್ಟಿನಲ್ಲಿ ಮಿನರಲ್ ಆಯಿಲ್ ಬಾಟಲಿ ಇದ್ದರೆ ಅದನ್ನು ಬೇರೆಯೇ ಇಡಿ. ಶಿಮಾನೊದಂಥ ಸೈಕಲ್ ಬ್ರೇಕಿಗೆ ಅದು ಸರಿ. ಕಾರಿನ ಬ್ರೇಕ್ ಆಯಿಲ್ ಡಬ್ಬಿಗೆ ಬಿದ್ದರೆ ಮೇಲೆ ಹೇಳಿದ ರಬ್ಬರ್ ಸೀಲುಗಳೆಲ್ಲ ಉಬ್ಬಿ ಬ್ರೇಕೇ ಕೈಕೊಡುತ್ತದೆ.

ವಾಶಿಂಗ್ ಸೆಂಟರಿನ ಆಸಿಡ್ ಎಂದರೆ ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆಸಿಡ್, ಶೌಚಾಲಯ ತೊಳೆಯುವ ದ್ರವದಲ್ಲಿ ಇರುವಂಥದ್ದೇ. ಕಬ್ಬಿಣದ ಜಂಗನ್ನು ಅದು ಕ್ಷಣದಲ್ಲಿ ಕರಗಿಸುವುದರಿಂದ ಗಾಲಿ ಹೊಸದರಂತೆ ಕಾಣುವುದು ಸುಳ್ಳಲ್ಲ. ಆದರೆ ಅದು ಜಂಗಿನಲ್ಲಿ ನಿಲ್ಲುವುದಿಲ್ಲ. ಕ್ಲಿಯರ್ ಕೋಟಿನ ಸಣ್ಣ ಬಿರುಕಿನಿಂದ ಒಳಗಿಳಿದು ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ. ಕೆಲವು ತಿಂಗಳ ಮೇಲೆ ಪದರದ ಅಡಿಯಲ್ಲಿ ಬಿಳಿ ಹುಳ ಹರಿದಂತೆ ಗೆರೆಗಳು ಏಳುತ್ತವೆ, ಕೋಟ್ ಸುಲಿಯುತ್ತದೆ. ಬೋಲ್ಟು, ಡಿಸ್ಕು, ಗಾಳಿ ತುಂಬುವ ವಾಲ್ವಿನ ಕೊಳವೆ ಎಲ್ಲಕ್ಕೂ ಅದು ತಾಗುತ್ತದೆ. ಮನೆಯ ಅಂಗಳದಲ್ಲಿ ಶಹಾಬಾದ್ ಕಲ್ಲು ಹಾಸಿದ್ದರೆ ಆಸಿಡ್ಡಿನ ಒಂದು ಹನಿ ಬಿದ್ದಲ್ಲಿ ಬುರುಬುರು ನೊರೆಯೆದ್ದು ಕಲೆ ಉಳಿಯುತ್ತದೆ, ಅದು ಸುಣ್ಣಕಲ್ಲು. ಕೆಲವು ಅಗ್ಗದ ವೀಲ್ ಆಸಿಡ್ಡುಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೂ ಇರುತ್ತದೆ. ಅದು ಚರ್ಮದಿಂದ ಒಳಗಿಳಿಯುವ ವಿಷ, ಕೈಗವಸಿಲ್ಲದೆ ತೊಳೆಯುವ ಹುಡುಗರ ಕೈ ನೆನೆದರೆ ಸಂಕಟವಾಗುತ್ತದೆ. ಹುಣಸೆಹಣ್ಣು, ಲಿಂಬೆ ತಿಕ್ಕುವುದೂ ಬೇಡ. ಅಪಾಯ ಕಡಿಮೆ, ಆದರೆ ಪ್ರಯೋಜನವೂ ಇಲ್ಲ. ಯಾವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರಿನ ಜೊತೆ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಹಾಗಾದರೆ ಕಬ್ಬಿಣದ ಪುಡಿ ಹೋಗುವುದು ಹೇಗೆ? ಕಾರ್ ಸಾಮಾನಿನ ಅಂಗಡಿಯಲ್ಲಿ ಐರನ್ ರಿಮೂವರ್ ಎಂದು ಕೇಳಿ. ಅದರಲ್ಲಿರುವುದು ಥಯೋಗ್ಲೈಕೊಲೇಟ್ ಎಂಬ ಲವಣ. ಕಬ್ಬಿಣದ ಕಣಕ್ಕೆ ಅಂಟಿಕೊಂಡು ಅದನ್ನು ನೀರಿನಲ್ಲಿ ಕರಗುವಂತೆ ಮಾಡುತ್ತದೆ, ಆಗ ದ್ರವ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಾಟಲಿಯ ಮೇಲೆ ಪಿಎಚ್ ನ್ಯೂಟ್ರಲ್ ಎಂದು ಇರುವುದನ್ನೇ ಆರಿಸಿ. ಕೊಳೆತ ಮೊಟ್ಟೆಯಂಥ ಕೆಟ್ಟ ವಾಸನೆ ಬರುತ್ತದೆ, ಬಯಲಿನಲ್ಲಿ ಕೈಗವಸು ಹಾಕಿಕೊಂಡು ಬಳಸಿ.

ತೊಳೆಯುವ ಕ್ರಮಕ್ಕೆ ಬರೋಣ. ನಿಮ್ಮ ದಾರಿಯಲ್ಲಿ ನಿಜವಾದ ಕೆಲಸ ಎರಿ ಮಣ್ಣಿನದು, ಅದನ್ನು ಅವಸರದಲ್ಲಿ ಮಾಡಿದರೆ ಉಳಿದದ್ದೆಲ್ಲ ಕೆಡುತ್ತದೆ. ಹುಬ್ಬಳ್ಳಿಯಿಂದ ಗದಗಿನವರೆಗೆ ರಸ್ತೆಯ ಎರಡೂ ಕಡೆ ಇರುವ ಈ ಮಣ್ಣು ಬಲು ನುಣುಪು. ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿಗಿಯುತ್ತದೆ. ಅದರೊಳಗೆ ಸುಣ್ಣದ ಹರಳುಗಳೂ ಇರುತ್ತವೆ. ಧಾರವಾಡದ ಪಶ್ಚಿಮಕ್ಕಿರುವ ಕೆಂಪು ಮಸಾರಿಯಂತೆ ನೀರು ಹೊಡೆದ ಕೂಡಲೇ ಇದು ಉದುರದು. ಒಣಗಿದ ಎರಿ ಮಣ್ಣನ್ನು ಬ್ರಷ್ಷಿನಿಂದ ತಿಕ್ಕಿದರೆ ಆ ಹರಳುಗಳೇ ಕ್ಲಿಯರ್ ಕೋಟನ್ನು ಗೀರುತ್ತವೆ.

ಗಾಡಿ ನಿಲ್ಲಿಸಿ ಕನಿಷ್ಠ ಅರ್ಧ ಗಂಟೆ ಬಿಡಿ, ಗಾಲಿ ಮುಟ್ಟಿದರೆ ತಣ್ಣಗಿರಬೇಕು. ಬೇಸಿಗೆಯಲ್ಲಾದರೆ ಬೆಳಿಗ್ಗೆಯೇ ಮಾಡಿ, ಏಪ್ರಿಲ್ ಬಿಸಿಲಿನಲ್ಲಿ ಯಾವ ದ್ರವವೂ ಗಾಲಿಯ ಮೇಲೆ ಎರಡು ನಿಮಿಷ ಒದ್ದೆ ಉಳಿಯದು. ಮೊದಲು ಬರಿ ನೀರು ಹಾಕಿ ಮಣ್ಣು ನೆನೆಯಲು ಹತ್ತು ನಿಮಿಷ ಕೊಡಿ, ಆಮೇಲೆ ಇನ್ನೊಮ್ಮೆ ನೀರು. ಪ್ರೆಶರ್ ವಾಶರ್ ಇದ್ದರೆ ಒಂದು ಅಡಿ ದೂರ ಹಿಡಿಯಿರಿ, ಟೈರಿನ ಪಕ್ಕೆಗೂ ತೂಕದ ತುಂಡುಗಳಿಗೂ ನೇರ ಹೊಡೆಯಬೇಡಿ. ಈಗ ಸೈಕಲ್ ಶಾಂಪೂ ತನ್ನ ಕೆಲಸ ಮಾಡಲಿ: ಒಂದು ಗಾಲಿಗೆ 40-50 ಮಿಲಿಲೀಟರ್ ಸಿಂಪಡಿಸಿ, ಎರಡು ಮೂರು ನಿಮಿಷ ಬಿಟ್ಟು, ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಸ್ಪೋಕಿನ ಸಂದಿ, ಬೋಲ್ಟಿನ ಗುಳಿ ತಿಕ್ಕಿ ತೊಳೆಯಿರಿ. ಚೈನಿಗೆ ಬಳಸಿದ ಬ್ರಷ್ ಬೇಡ, ಅದರಲ್ಲಿ ಉಕ್ಕಿನ ಪುಡಿ ಮತ್ತು ಗ್ರೀಸ್ ಕೂತಿರುತ್ತದೆ. ಪಾತ್ರೆ ತಿಕ್ಕುವ ತಂತಿಯೂ ಬೇಡ.

ಗಾಲಿಯ ಒಳಮೈ ಮರೆಯಬೇಡಿ, ನಿಮ್ಮ ಸ್ಟೇರಿಂಗ್ ನಡುಗುವ ಕಾರಣ ಬಹುಶಃ ಅಲ್ಲಿದೆ. ಮಳೆಗಾಲದಲ್ಲಿ ಹೊಲದ ಅಂಚಿಗೆ, ಕಚ್ಚಾ ದಾರಿಗೆ ಇಳಿದಾಗ ಒಳಗೆ ಮೆತ್ತಿದ ರಾಡಿ, ಗಾಡಿ ನಿಂತಾಗ ಒಂದೇ ಕಡೆ ಜಾರಿ ಒಣಗುತ್ತದೆ. ಬ್ಯಾಲೆನ್ಸಿಂಗ್ ಮಾಡುವವರು 5 ಗ್ರಾಮಿನ ಲೆಕ್ಕದಲ್ಲಿ ತೂಕ ಹಚ್ಚುತ್ತಾರೆ, ಒಣಗಿದ ಒಂದು ಹಿಡಿ ಎರಿ ಮಣ್ಣು ನೂರು ಗ್ರಾಂ ಮೀರುತ್ತದೆ. ವೇಗ 80 ದಾಟಿದಾಗ ನಡುಕ ಶುರುವಾಗುವುದು ಇದರ ಗುರುತು. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎಂದು ದುಡ್ಡು ಕೊಡುವ ಮೊದಲು ಸ್ಪೋಕಿನ ಸಂದಿಯಿಂದ ಕೈ ಹಾಕಿ ಒಳಮೈ ಸವರಿ ನೋಡಿ. ಗಾಲಿ ಅರ್ಧ ಸುತ್ತು ತಿರುಗುವಷ್ಟು ಗಾಡಿಯನ್ನು ಮುಂದೆ ತಳ್ಳಿ ಇನ್ನೊಂದು ಭಾಗವನ್ನೂ ತೊಳೆಯಿರಿ. ಪೂರ್ತಿ ಸ್ವಚ್ಛವಾದ ಮೇಲೂ ನಡುಗಿದರೆ ಆಗ ಬ್ಯಾಲೆನ್ಸಿಂಗ್ ಮಾಡಿಸಿ, ತೂಕದ ತುಂಡು ಬಿದ್ದಿರಬಹುದು ಅಥವಾ ರಿಮ್ ಬಾಗಿರಬಹುದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಬೇಕು.

ಮಣ್ಣು ಹೋದ ಮೇಲೆ ಐರನ್ ರಿಮೂವರ್. ಸಂದಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಎರಡು ಹನಿ ಹಾಕಿ ಎರಡು ನಿಮಿಷ ನೋಡಿ, ಬಣ್ಣ ಮಾಸದಿದ್ದರೆ ಒಂದು ಗಾಲಿಗೆ 50 ಮಿಲಿಲೀಟರಿನಷ್ಟು ಹೊಡೆಯಿರಿ. ಮೂರರಿಂದ ಐದು ನಿಮಿಷ, ಒಣಗಲು ಬಿಡಬೇಡಿ. ನೇರಳೆ ನೀರು ಇಳಿಯುವಾಗ ಬ್ರಷ್ ಆಡಿಸಿ, ಧಾರಾಳ ನೀರಿನಿಂದ ತೊಳೆಯಿರಿ. ಒಂದು ಗಾಲಿ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಕಪ್ಪು ಇನ್ನೂ ಉಳಿದರೆ ಹೆಚ್ಚು ಹೊತ್ತು ಬಿಡುವ ಬದಲು ಇನ್ನೊಮ್ಮೆ ಹಾಕಿ. ಎರಡು ಮೂರು ತಿಂಗಳಿಗೊಮ್ಮೆ ಸಾಕು, ನಡುವೆ ವಾರಕ್ಕೋ ಹದಿನೈದು ದಿನಕ್ಕೋ ಶಾಂಪೂ ಮಾತ್ರ. ಬಣ್ಣ ಹೋಗಿ ಜಂಗು ಹಿಡಿದ ಸ್ಟೀಲ್ ಗಾಲಿಗೆ ಇದನ್ನು ಹಾಕಬೇಡಿ, ಗಾಲಿಯೇ ಕಬ್ಬಿಣವಾದ್ದರಿಂದ ನೇರಳೆ ಬಣ್ಣ ನಿಲ್ಲುವುದೇ ಇಲ್ಲ.

ಕೊನೆಯ ನೀರು ಯಾವುದು ಎನ್ನುವುದೂ ಮುಖ್ಯ. ನಳದ ನೀರು ದಿನಾ ಬರದ ಬಡಾವಣೆಗಳಲ್ಲಿ ಬೋರ್‌ವೆಲ್ ನೀರೇ ಗತಿ, ಅದು ಒಣಗಿದಲ್ಲಿ ಸುಣ್ಣದ ಬಿಳಿ ಕಲೆ ಬಿಡುತ್ತದೆ. ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ಗಾಡಿ ತೊಳೆಯಲು ಕೂಡಿಡುವವರು ಬಹಳ. ಮೊದಲ ನೆನೆಸುವಿಕೆಗೆ ಅದು ಸರಿ, ಕೊನೆಯ ತೊಳೆತಕ್ಕೆ ಬೇಡ, ಅದರಲ್ಲಿ ಲವಣ ಇನ್ನೂ ಹೆಚ್ಚು. ಕೊನೆಗೆ ಮಳೆ ನೀರು ಅಥವಾ ಸಿಹಿ ನೀರು ಒಂದು ಚೊಂಬು ಹಾಕಿ, ಒಣ ಮೈಕ್ರೋಫೈಬರ್ ಅರಿವೆಯಿಂದ ಒರೆಸಿ.

ನಿಮ್ಮ ಬಿಳಿ ಮಬ್ಬನ್ನು ಹೀಗೆ ಪರೀಕ್ಷಿಸಿ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಅರಿವೆಯ ತುದಿ ಅದ್ದಿ, ಮಬ್ಬಿನ ಮೇಲೆ ಒಂದು ನಿಮಿಷ ಒತ್ತಿಹಿಡಿದು ತೊಳೆಯಿರಿ. ಹೋದರೆ ಅದು ಬೋರ್ ನೀರಿನ ಸುಣ್ಣ ಅಥವಾ ಒಣಗಿದ ಡಿಗ್ರೀಸರಿನ ಉಳಿಕೆ, ಗಾಲಿಗೆ ಏನೂ ಆಗಿಲ್ಲ. ಹೋಗದಿದ್ದರೆ ಕಾರಿನ ಬಣ್ಣಕ್ಕೆ ಹಚ್ಚುವ ನುಣ್ಣನೆಯ ಪಾಲಿಶನ್ನು ಒಂದು ಅಂಗುಲ ಜಾಗಕ್ಕೆ ಕೈಯಿಂದ ಹಚ್ಚಿ ನೋಡಿ. ಹೊಳಪು ಮರಳಿದರೆ ಕ್ಲಿಯರ್ ಕೋಟಿನ ಮೇಲ್ಮೈ ಮಾತ್ರ ಮಂಕಾಗಿದೆ, ಅಂಚು ಪೂರ್ತಿ ಪಾಲಿಶ್ ಮಾಡಿ ಮೇಲೆ ವ್ಯಾಕ್ಸ್ ಹಚ್ಚಿ. ಅದಕ್ಕೂ ಬಗ್ಗದೆ, ಉಗುರಿಗೆ ಪದರದ ಅಂಚು ತಟ್ಟಿದರೆ ಅಥವಾ ಒಳಗೆ ದಾರದಂಥ ಗೆರೆ ಕಂಡರೆ ಲೋಹಕ್ಕೆ ಏಟು ಬಿದ್ದಿದೆ. ಪೂರ್ತಿ ಬಣ್ಣದ ಗಾಲಿಯಾದರೆ ಪದರ ತೆಗೆದು ಪೌಡರ್ ಕೋಟಿಂಗ್ ಮಾಡಿಸಬಹುದು. ಡೈಮಂಡ್ ಕಟ್ ಆದರೆ ಲೇತ್ ಯಂತ್ರದಲ್ಲಿ ಮುಖ ಕೆತ್ತಿ ಹೊಸ ಕೋಟ್ ಹಾಕಬೇಕು. ಪ್ರತಿ ಕೆತ್ತನೆಗೂ ಲೋಹ ತೆಳುವಾಗುವುದರಿಂದ ಇದನ್ನು ಪದೇ ಪದೇ ಮಾಡಿಸಲು ಬರುವುದಿಲ್ಲ. ಗೆರೆ ಸಣ್ಣದಿದ್ದರೆ ಎರಡು ಬಣ್ಣದ ಚಂದ ಬಿಟ್ಟು ಒಂದೇ ಬಣ್ಣ ಮಾಡಿಸುವುದು ಹೆಚ್ಚು ಬಾಳಿಕೆಯ ದಾರಿ ಎಂದು ನನ್ನ ಅಭಿಪ್ರಾಯ.

ಕಾರಿಗೆ ತಂದ ಐರನ್ ರಿಮೂವರನ್ನು ಸೈಕಲ್ ಚೈನಿಗೆ ಎಂದೂ ಹಚ್ಚಬೇಡಿ. ಚೈನ್ ಉಕ್ಕಿನದು, ಕಬ್ಬಿಣ ಕರಗಿಸುವ ದ್ರವಕ್ಕೆ ಜಂಗಿಗೂ ಚೈನಿಗೂ ಭೇದವಿಲ್ಲ. ಜಂಗು ತೆಗೆಯುವ ಆಮ್ಲ, ಕ್ಷಾರ ಹಾಕಿದರೆ ಚೈನ್ ತುಂಡಾಗಬಹುದೆಂದು ಚೈನ್ ಮಾಡುವ ಕಂಪನಿಗಳೇ ಎಚ್ಚರಿಕೆ ಕೊಡುತ್ತವೆ.

ಕಾರು ತೊಳೆದ ಮೇಲೆ ಹಾಗೆಯೇ ನಿಲ್ಲಿಸದೆ ಓಣಿಯಲ್ಲಿ ಒಂದು ಸುತ್ತು ಹಾಕಿ, ನಿಧಾನವಾಗಿ ಐದಾರು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. ಮರುದಿನ ಡಿಸ್ಕಿನ ಮೇಲೆ ಕಿತ್ತಳೆ ಜಂಗು ಕಂಡರೆ ಗಾಬರಿ ಬೇಡ, ಮೊದಲ ಕೆಲವು ಬ್ರೇಕಿಗೇ ಉಜ್ಜಿ ಹೋಗುತ್ತದೆ. ಒದ್ದೆ ಬ್ರೇಕಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದರೆ ಹಿಂದಿನ ಬ್ರೇಕ್ ಜಂಗಿಗೆ ಅಂಟಿಕೊಳ್ಳುತ್ತದೆ. ಊರಿಗೆ ಹೋಗುವುದಿದ್ದರೆ ಸಮತಟ್ಟು ಜಾಗದಲ್ಲಿ ಗೇರ್ ಹಾಕಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿ.